ಬಿದಿರು ಬೇರಿನ ನೀರು

ಲಾಸ್ಮಿ,

ಇವತ್ತು ಪಕ್ಕದ ಮನೆಯ ಪಯೀನಿ, ನೀನು ಮಾಡುತ್ತಿದ್ದ ಹಾಗೆಯೇ, ಬಿದಿರು ಬೇರು ನೆನೆಸಿದ ನೀರನ್ನು ಡ್ರಮ್ಮಿಗೆ ತುಂಬಿದಳು. ಅದಕ್ಕೆ ಬೆರೆಸಲು ತೌಡು, ಬೆಲ್ಲ, ಸೀಗಡಿ ಹಾಕಿ ಕುದಿಸಿದ ಗಂಜಿ ಒಲೆಯ ಮೇಲಿತ್ತು. ನನ್ನ ಅವಸರ ನಿನಗೆ ಗೊತ್ತೇ ಇದೆ, ಎತ್ತಿ ಸುರಿಯಲು ಹೋದೆ.

"ಅಯ್ಯೋ ಮಾವ, ಬಿಸೀದು ಹುಯ್ದ್ರೆ ಬೇರಿನ ಜೀವಾಣುಗಳೆಲ್ಲ ಬೆಂದೋಗ್ತವೆ! ಆಮೇಲೆ ಭತ್ತದ ಬೆಂಕಿರೋಗ ತಡೆಯೋದ್ಯಾರು, ನಿಮ್ಮ ಬೈಗುಳವಾ?" ಎಂದು ಪಯೀನಿ ತಡೆದಳು.

ನನ್ನ ಕೈ ಅಲ್ಲೇ ನಿಂತಿತು. ಆ ವರ್ಷ ಗಂಜಿ ಬೆರೆಸುವುದನ್ನು ನನಗೆ ಬಿಟ್ಟು ಹೋಗಿದ್ದ ನೀನು ಗದ್ದೆಯಿಂದ ಬಂದು, "ಗಂಜಿ ಆರಿದ್ಮೇಲೆ ಹುಯ್ದ್ಯಾ ಅಣ್ಣ?" ಎಂದು ಕೇಳಿದ್ದೆ. ನಾನು "ಹೂಂ, ಹೋಗೇ" ಎಂದಿದ್ದೆ. ಆದರೆ ಕುದಿಯುತ್ತಿದ್ದಾಗಲೇ ಸುರಿದುಬಿಟ್ಟಿದ್ದೆ. ತೆನೆಯ ಕುತ್ತಿಗೆ ಕಪ್ಪಾಗಿ ಭತ್ತವೆಲ್ಲ ಜೊಳ್ಳಾದಾಗ ಮಸೀದಿಯ ಜಗುಲಿಯಲ್ಲಿ, "ಇವಳ ನಾತದ ನೀರು ಮೂರು ಮನೆ ಗದ್ದೆ ತಿಂತು" ಎಂದು ಕೂಗಿದವನೂ ನಾನೇ. ಮರುತಿಂಗಳು ನೀನು ಗಂಡನ ಜೊತೆ ಸುಮಾತ್ರಕ್ಕೆ ಹೋದೆ.

"ಲಾಸ್ಮಕ್ಕನೇ ನಂಗೆ ಇದನ್ನ ಕಲ್ಸಿದ್ದು. ಅವರದ್ಯಾಕೆ ಕೆಟ್ಟೋಯ್ತು ಮಾವ?" ಎಂದಳು ಪಯೀನಿ.

"ನಂಗೇನ್ ಗೊತ್ತು? ನಿನ್ನ ಕೆಲ್ಸ ನೋಡು" ಎಂದು ರೇಗಿದೆ.

ಸಂಜೆ ಅವಳು, "ಗಂಜಿ ಆರಿದ್ಯಾ ಮಾವ?" ಎಂದು ಕೂಗಿದಳು. ಬೆರಳು ಅದ್ದಿ ನೋಡಿ, "ಇನ್ನೂ ಇಲ್ಲ ಕಣಮ್ಮ" ಎಂದೆ. ಇಷ್ಟು ನಿಜ ಹೇಳಲು ಎಂಟು ವರ್ಷ ಬೇಕಾಯಿತು. ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ. ನಿನ್ನ ವಿಳಾಸವಿದೆ, ಕಳಿಸುವ ಮುಖವಿಲ್ಲ.

ನಿನ್ನ ಅಣ್ಣ