ತಡೆಹಿಡಿದ ಪಟ್ಟಿಯಲ್ಲಿ ಒಂದೇ ಹೆಸರು

ಕವಲಂದೆ
ಶುಕ್ರವಾರ, 13 ಜೂನ್ 2025

ಪ್ರೀತಿಯ ಅಪ್ಪಾ,

ನಿನ್ನ ಬೆನ್ನುನೋವು ಹೇಗಿದೆ? ಹೊಸಪೇಟೆಯ ಬಿಸಿಲು ಇಳಿಯಿತೇ? ಮೆಸ್ಸಿನ ಅನ್ನಕ್ಕೆ ಸೋಡಾ ಹಾಕುತ್ತಾರೆ ಎಂದಿದ್ದೆಯಲ್ಲ, ತಪ್ಪದೆ ಮಜ್ಜಿಗೆ ಕುಡಿ. ಇಲ್ಲಿ ಅಮ್ಮ, ಅಜ್ಜಿ ಚೆನ್ನಾಗಿದ್ದಾರೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅಜ್ಜಿಗೆ ಅಕ್ಕಿಯಲ್ಲಿರುವ ಕಲ್ಲಿಗಿಂತ ನಮ್ಮ ತಪ್ಪುಗಳೇ ಹೆಚ್ಚು ಕಾಣುತ್ತಿವೆ. ನಾನು ಎರಡು ದಿನದಿಂದ ನಿನ್ನ ಫೋನ್ ತೆಗೆದಿಲ್ಲ. ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ, ಅತ್ತರೆ ನೀನು ಸಮಾಧಾನ ಮಾಡುತ್ತೀಯ, ಸಮಾಧಾನವಾದರೆ ಹೇಳಬೇಕಾದ ಮಾತು ಹಾಗೇ ಉಳಿದುಹೋಗುತ್ತದೆ. ಅದಕ್ಕೇ ಈ ಕಾಗದ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದಲೇ ಬರೆಯುತ್ತೇನೆ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಒಡಿಶಾದ ಸಂಸ್ಥೆಯವರು ಎಂ.ಎಸ್ಸಿ. ಗಣಿತಕ್ಕೆ ಸಂದರ್ಶನ ಇಟ್ಟಿದ್ದರು. ಕ್ಯಾಮೆರಾ ಇರುವ ಕಂಪ್ಯೂಟರಿನಲ್ಲೇ ಕೂರಬೇಕು, ಮೊಬೈಲು ನಡೆಯದು ಎಂದಿದ್ದರು. ಕ್ಯಾಮೆರಾ ತಂದುಕೊಟ್ಟವನು ನೀನು. ಗೋಡೆ ಕೊರೆದು ರೂಟರಿನಿಂದ ನನ್ನ ಮೇಜಿನವರೆಗೆ ವೈರು ಎಳೆದು, ಕಂಪ್ಯೂಟರಿಗೂ ನನ್ನ ಹೆಸರನ್ನೇ, ‘ರೋಜಾ’ ಎಂದು, ಇಟ್ಟವನೂ ನೀನೇ. ಹೊಸಪೇಟೆಯ ಕಾಲೇಜಿನ ಲ್ಯಾಬಿನಲ್ಲಿ ನೂರು ಮಕ್ಕಳ ಯಂತ್ರ ನೋಡಿಕೊಳ್ಳುವವನು ಮಗಳ ಯಂತ್ರ ನೋಡಿಕೊಳ್ಳುವುದಿಲ್ಲವೇ ಎಂದು ಬೀದಿಯವರ ಮುಂದೆ ಅಮ್ಮ ಹೆಮ್ಮೆಪಟ್ಟಿದ್ದಳು.

ಸೋಮವಾರ ಸಂಜೆ ಇಂಟರ್ನೆಟ್ ನಿಂತುಹೋಯಿತು. ರೂಟರಿನ ಹಸಿರು ದೀಪ ಉರಿಯುತ್ತಿತ್ತು, ಅಮ್ಮನ ಮೊಬೈಲಿನಲ್ಲಿ ಅಡುಗೆ ವಿಡಿಯೊ ಓಡುತ್ತಿತ್ತು, ನನ್ನ ಕಂಪ್ಯೂಟರಿಗೆ ಮಾತ್ರ ಏನೂ ಬರುತ್ತಿರಲಿಲ್ಲ. ನಿನಗೆ ಫೋನ್ ಮಾಡಿದೆ. ನೀನು “ಗಾಬ್ರಿ ಬೀಳ್ಬೇಡ ಮಗಾ, ನಾನಿಲ್ವಾ?” ಎಂದೆ. ಮಂಗಳವಾರವೆಲ್ಲ ನೀನು ಹೇಳಿದ್ದನ್ನೇ ಮಾಡಿದೆ. ರೂಟರ್ ಆರಿಸಿ ಮೂವತ್ತು ಎಣಿಸಿ ಮತ್ತೆ ಹಾಕಿದೆ. ವೈರಿನ ತುದಿ ಕಿತ್ತು, ಒರೆಸಿ, ಸಿಕ್ಕಿಸಿದೆ. ಕವಲಂದೆಯ ಅಂಗಡಿಯಲ್ಲಿ ಸಿಗಲಿಲ್ಲವೆಂದು ಬಸ್ಸು ಹತ್ತಿ ನಂಜನಗೂಡಿಗೆ ಹೋಗಿ ಹೊಸ ವೈರು ತಂದೆ. ಅಮ್ಮನ ಮೊಬೈಲಿನಿಂದ ಕಂಪ್ಯೂಟರಿಗೆ ಇಂಟರ್ನೆಟ್ ಕೊಡೋಣವೆಂದರೆ ನಮ್ಮ ಮನೆಯೊಳಗೆ ಸಿಗ್ನಲ್ ಒಂದೇ ಗೆರೆ, ನನ್ನ ಮುಖ ಕಲ್ಲಿನಂತೆ ನಿಂತುಬಿಡುತ್ತಿತ್ತು. ಮಧ್ಯಾಹ್ನ ನಾನು ಅಳುತ್ತಿದ್ದಾಗ “ನಾನೂ ಉಣ್ದೆ ಕೂತಿವ್ನಿ ಕಣವ್ವಾ” ಎಂದೆಯಲ್ಲ ಅಪ್ಪಾ, ಆ ಮಾತಿಗೆ ನಾನು ಕಣ್ಣು ಒರೆಸಿಕೊಂಡು ಎದ್ದಿದ್ದೆ. ಕೊನೆಗೆ, ಒಳಗಿನ ನೆಟ್‌ವರ್ಕ್ ಕಾರ್ಡ್ ಸುಟ್ಟಿದೆ, ಮುಂದಿನ ತಿಂಗಳು ಬಂದು ಹಾಕುತ್ತೇನೆ, ಈ ವರ್ಷ ಹೋದರೆ ಹೋಗಲಿ ಎಂದೆ ನೀನು.

ಕಂಪ್ಯೂಟರು ಎಲ್ಲಿಯವರೆಗೆ ತಲುಪುತ್ತದೆ ಎಂದು ನೋಡಲು ನೀನೇ ಕಲಿಸಿದ್ದ ಕಪ್ಪು ಪರದೆಯ ಪರೀಕ್ಷೆಯನ್ನು ಆಮೇಲೆ ಮಾಡಿದೆ. ರೂಟರನ್ನು ನಾಲ್ಕು ಸಲ ಕೇಳಿದರೆ ನಾಲ್ಕೂ ಉತ್ತರ ಬಂತು. ಅದರಿಂದಾಚೆಗೆ ಕೇಳಿದರೆ ಒಂದೂ ಇಲ್ಲ. ಸುಟ್ಟ ಕಾರ್ಡು ರೂಟರಿಗಾದರೂ ಹೇಗೆ ಮಾತಾಡೀತು? ಆಗಲೂ ನಿನ್ನ ಮೇಲೆ ಅನುಮಾನ ಬರಲಿಲ್ಲ. ಅಪ್ಪನಿಗೂ ಒಮ್ಮೊಮ್ಮೆ ತಪ್ಪುತ್ತದೆ ಎಂದುಕೊಂಡು, ನಮ್ಮ ಬೀದಿಗೆ ಸಂಪರ್ಕ ಕೊಟ್ಟಿರುವ ಕೇಬಲ್ ಸಿದ್ದಯ್ಯನವರಿಗೆ ಫೋನ್ ಮಾಡಿದೆ.

ಅವರು ಬುಧವಾರ ಒಂಬತ್ತೂವರೆಗೆ ತಮ್ಮ ಲ್ಯಾಪ್‌ಟಾಪ್ ಹಿಡಿದು ಬಂದರು. ನನ್ನ ವೈರನ್ನೇ ಅದಕ್ಕೆ ಸಿಕ್ಕಿಸಿದಾಗ ಇಂಟರ್ನೆಟ್ ಸರಾಗವಾಗಿ ಬಂತು. “ವೈರು ಸರ್ಯಾಗದೆ ಕಣವ್ವಾ, ರೂಟರ್ ಒಳಗೇ ಯಾರೋ ಏನೋ ಮಾಡವ್ರೆ” ಎಂದು ಕಂಪನಿಯ ಪಾಸ್‌ವರ್ಡ್ ಹಾಕಿ ಒಳಗೆ ಹೋದರು. ತಡೆಹಿಡಿದ ಯಂತ್ರಗಳ ಪಟ್ಟಿಯಲ್ಲಿ ಒಂದೇ ಹೆಸರಿತ್ತು: ರೋಜಾ. ಸೋಮವಾರ ಸಂಜೆ ಆರು ಹತ್ತಕ್ಕೆ, ದೂರದಿಂದಲೇ ನಮ್ಮ ರೂಟರ್ ನೋಡಿಕೊಳ್ಳಲು ನೀನು ಹಾಕಿಕೊಂಡಿದ್ದ ಆ್ಯಪ್ ಮೂಲಕ, ನಿನ್ನ ಫೋನಿನಿಂದ. ಸಿದ್ದಯ್ಯನವರು ನನ್ನ ಮುಖ ನೋಡಿ, “ಕೈ ತಪ್ಪಿ ಒತ್ತಿರ್ಬೋದು ಬುಡವ್ವಾ” ಎಂದರು. ಹೌದೆಂದೆ. ಅವರು ತಡೆ ತೆಗೆದು, ಚಹಾ ಕೂಡ ಕುಡಿಯದೆ ಹೊರಟರು.

ಆ ಪಟ್ಟಿಯ ಫೋಟೋ ಕಳಿಸಿದಾಗ ನೀನು ಬರೆದೆ: “ಅಷ್ಟು ದೂರ ಬೇಡ ಮಗಾ. ಅಲ್ಲಿ ನಮ್ಮೋರ್ನ ಏನ್ ಮಾಡ್ತಾರೆ ಅಂತ ನಿಂಗೊತ್ತಿಲ್ಲ.” ಅದನ್ನು ಓದಿದವಳೇ ಹನ್ನೊಂದಕ್ಕೆ ಹೋಗಿ ಕ್ಯಾಮೆರಾದ ಮುಂದೆ ಕೂತೆ. ಮೊದಲ ಪ್ರಶ್ನೆಗೆ ಅರ್ಧ ಬರೆದು ಹೊಡೆದುಹಾಕಿದೆ. ಒಬ್ಬ ಮೇಡಮ್ಮು, ನೀರು ಕುಡಿಯಮ್ಮ, ಅವಸರವಿಲ್ಲ ಎಂದರು. ಆಮೇಲೆ ಬರೆದೆ, ಬಿಡಿಸಿದೆ, ಎರಡು ಕಡೆ ತಪ್ಪಿದೆ.

ನಿನ್ನೆ ಅಜ್ಜಿಯನ್ನು ಕೇಳಿದೆ. “ನಿಮ್ಮಪ್ಪ ಪಾಲಿಟೆಕ್ನಿಕ್ ಬುಟ್ಟು ಬಂದಾಗ ಮೂರ್ ದಿನ ಮಾತಾಡ್ನಿಲ್ಲ. ಆಸ್ಟ್ಲಲ್ಲಿ ತಟ್ಟೆ ಬ್ಯಾರೆ ಇಟ್ಟಿದ್ರಂತೆ” ಎಂದಳು. ಇಪ್ಪತ್ತೊಂದು ವರ್ಷದಲ್ಲಿ ಇದನ್ನು ನೀನು ನನಗೆ ಹೇಳಲಿಲ್ಲ. ಹೇಳಿದ್ದರೆ ಇಬ್ಬರೂ ಕೂತು ಒಟ್ಟಿಗೆ ಹೆದರುತ್ತಿದ್ದೆವು. ಬೇಡವೆಂದು ಬೈದಿದ್ದರೆ ಜಗಳವಾಡುತ್ತಿದ್ದೆ. ನೀನು ಅದು ಯಾವುದನ್ನೂ ಮಾಡದೆ, ದಿನವೆಲ್ಲ ನನ್ನ ಕೈಯಲ್ಲಿ ವೈರು ಕೀಳಿಸಿ ಹಾಕಿಸಿದೆ. ನಾನು ಮೂವತ್ತು ಎಣಿಸುವಾಗ ಆ ಕಡೆಯಿಂದ ನೀನೂ ಎಣಿಸುತ್ತಿದ್ದೆ. ಯಾವುದರಿಂದಲೂ ಪ್ರಯೋಜನವಿಲ್ಲವೆಂದು ನಿನಗೆ ಗೊತ್ತಿತ್ತು. ಅಲ್ಲಿ ಯಾರು ನನ್ನನ್ನು ಏನು ಮಾಡುತ್ತಾರೋ ನೋಡೋಣ, ಇಲ್ಲಿ ಮೊದಲು ಮಾಡಿದವನು ನೀನು.

ಅಮ್ಮನಿಗೆ ವೈರು ಕೆಟ್ಟಿತ್ತು ಎಂದಷ್ಟೇ ಹೇಳಿದ್ದೇನೆ. ಉಳಿದದ್ದನ್ನು ನೀನೇ ಅವಳಿಗೆ ಹೇಳಬೇಕು. ಬೆನ್ನಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ. ಅಜ್ಜಿ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ.

ನಿನ್ನ ಮಗಳು,
ರೋಜಾ

ತಾ.ಕ.: ಅಂಚೆಗೆ ಹೊರಟಿದ್ದೆ, ಅಷ್ಟರಲ್ಲಿ ಮೇಲ್ ಬಂತು. ಆಯ್ಕೆಯಾಗಿದೆ ಅಪ್ಪಾ. ಒಪ್ಪಿಗೆ ಪತ್ರ ಇವತ್ತೇ ಕಳಿಸಬೇಕು. ಪೋಷಕರ ಸಹಿ ಎಂದಿರುವ ಕಡೆ ಅಮ್ಮ ಈಗಷ್ಟೇ ಕೂತು, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಅಪ್ಪ ಬರಲಿ ಎಂದು ಅವಳು ಹೇಳಿದಳು, ನಾನೇ ಬೇಡವೆಂದೆ.