ಹುಳದ ಮನೆಯ ಹೊಸ್ತಿಲು

ಚಾಮರಾಜನಗರ
೧೨ ಮಾರ್ಚ್ ೧೯೫೬, ಸೋಮವಾರ

ನನ್ನ ಮಗಳು ಸಿದ್ದಿಗೆ ಅವ್ವ ಮಾಡುವ ಆಶೀರ್ವಾದ. ಯೇಸುಸ್ವಾಮಿಯ ಸಮಾಧಾನ ನಿನ್ನ ಮನೆಯಲ್ಲಿರಲಿ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಹಾಗೆ ಬರೆದರೆ ಮೊದಲ ಸಾಲೇ ಸುಳ್ಳಾಗುತ್ತದೆ, ಆದ್ದರಿಂದ ಬಿಟ್ಟಿದ್ದೇನೆ.

ಗುಂಡ್ಲುಪೇಟೆಯಿಂದ ನೀನು ಬರೆದ ಕಾರ್ಡು ಹೋದ ಬುಧವಾರ ತಲುಪಿತು. ನೀನು ಇಲ್ಲಿಂದ ಹೋದ ಮೇಲೆ ಬಂದ ಮೊದಲ ಕಾರ್ಡು, ಅದರಲ್ಲಿ ಎರಡೇ ಮಾತು. ‘ನನ್ನ ಮಗು ಉಸಿರಿಲ್ಲದೆ ಹುಟ್ಟಿತು, ಅದಕ್ಕೆ ಜ್ಞಾನಸ್ನಾನವಾಗಲಿಲ್ಲ. ಅದು ಈಗ ಎಲ್ಲಿರುತ್ತದೆ ಎಂದು ಗುರುಗಳನ್ನು ಕೇಳಿ ಬರೆ.’ ನನ್ನ ಕ್ಷೇಮ ಕೇಳಿಲ್ಲ. ಯಾಕೆ ಕೇಳಬೇಕು? ಕಾರ್ಡಿನ ಅಂಚಿನಲ್ಲಿ ಅಳಿಯ ಮಾದಣ್ಣ ಬೇರೆ ಶಾಯಿಯಲ್ಲಿ ನಾಲ್ಕು ಸಾಲು ಸೇರಿಸಿದ್ದಾರೆ. ನೀನು ಸರಿಯಾಗಿ ಉಣ್ಣುವುದಿಲ್ಲವಂತೆ, ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದೀಯಂತೆ, ಅವರು ಬಂಡೀಪುರದ ಕಾಡು ಕಾಯಲು ಹೋದರೆ ಬಾಗಿಲು ಹಾಕಿಕೊಂಡು ಕೂರುತ್ತೀಯಂತೆ. ‘ಜ್ಞಾನಸ್ನಾನ ಇಲ್ದಿದ್ದ ನನ್ ಕೂಸ ಹೊರಗ್ ಮಡಗೋ ದೇವ್ರು ನನ್ಗೂ ಬ್ಯಾಡ’ ಎಂದೆಯಂತೆ.

ಗುರುಗಳನ್ನು ಕೇಳಬೇಕಾಗಿಲ್ಲ ಮಗಳೇ. ಉತ್ತರ ನನಗೇ ಗೊತ್ತು. ಬರೆಯಲು ಕೂತರೆ ಕೈ ಬರಲಿಲ್ಲ, ಐದು ದಿನ ಹಿಡಿಯಿತು.

ನಿನ್ನ ಅವ್ವ ಎಂಥವಳು ಎಂದು ನಿನಗೆ ಹೇಳಬೇಕೇ? ನಿಮ್ಮಪ್ಪ ಹೋದಾಗ ನಿನಗೆ ಎಂಟು ವರ್ಷ. ಯಾರ ಮನೆಯ ಬಾಗಿಲಿಗೂ ಹೋಗದೆ, ಹಿಪ್ಪುನೇರಳೆ ಸೊಪ್ಪು ಹೊತ್ತು, ರೇಷ್ಮೆ ಹುಳು ಸಾಕಿ ನಿನ್ನನ್ನು ದೊಡ್ಡವಳನ್ನು ಮಾಡಿದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುವುದೇ ನನ್ನ ಮಂತ್ರ. ಆಮೇಲೆ ನಾವಿಬ್ಬರೂ ಕ್ರಿಸ್ತನ ಮಾರ್ಗಕ್ಕೆ ಬಂದೆವು, ಓದು ಬರಹ ಕಲಿತೆ, ಜಪವನ್ನೂ ಕಲಿತೆ. ಆದರೆ ಭಾನುವಾರ ಒಂದು ದಿನ ದೇವರದು, ಮಿಕ್ಕ ಆರು ದಿನ ನನ್ನ ರಟ್ಟೆಯದು. ನಮಗೆ ಧರ್ಮೋಪದೇಶ ಹೇಳಿಕೊಟ್ಟ ಉಪದೇಶಿ ನೀಲಕಂಠಸ್ವಾಮಿ ಒಮ್ಮೆ ತಮಾಷೆಗೆ, ‘ಶಾಂತಮಲ್ಲಕ್ಕ, ನೀನು ದೇವ್ರ ಮುಂದ ಕೈ ಮುಗ್ಯಕಿಲ್ಲ, ಕೈ ತೋರುಸ್ತೀಯ ಕಣಕ್ಕ’ ಎಂದಿದ್ದ. ನಕ್ಕುಬಿಟ್ಟೆ. ಒಳಗೊಳಗೇ ಹೆಮ್ಮೆಯಾಗಿತ್ತು.

ಜನವರಿಯ ಆ ದಿನ ನೀನು ಎಂಟನೇ ತಿಂಗಳ ಹೊಟ್ಟೆ ಹೊತ್ತುಕೊಂಡು, ನಡು ಹಿಡಿದುಕೊಂಡು ಬೆಳಗಿನ ಬಸ್ಸಿಗೆ ಬಂದಿಳಿದೆ. ನನ್ನ ಹುಳು ನಾಲ್ಕನೇ ಸಲ ಪೊರೆ ಕಳಚಿ ಜ್ವರದಿಂದ ಎದ್ದು, ಗೂಡು ಕಟ್ಟುವ ಮುಂಚಿನ ಕೊನೆಯ ಮೇವು ಮೇಯುತ್ತಿದ್ದವು. ಆ ಏಳು ದಿನ ಹುಳದ ಮನೆಗೆ ಮೈಲಿಗೆ ಸೋಕಬಾರದು, ಬಾಣಂತಿಯ ನೆರಳೂ ಬೀಳಬಾರದು ಎನ್ನುವುದು ನಮ್ಮ ಹಿರಿಯರ ಕಟ್ಟು. ಸೂತಕ ತಗುಲಿದರೆ ಹುಳು ತಟ್ಟೆಯಲ್ಲೇ ಕರಗಿಹೋಗುತ್ತವೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಜ್ಞಾನಸ್ನಾನದ ನೀರು ನನ್ನ ತಲೆಯ ಮೇಲೆ ಬಿದ್ದಿತ್ತು, ಈ ಕಟ್ಟು ತಲೆಯ ಒಳಗಿತ್ತು.

ಇದ್ದದ್ದು ಒಂದೇ ಬೆಚ್ಚನೆಯ ಮನೆ, ಅದರ ತುಂಬ ಹುಳದ ತಟ್ಟೆ. ಮಾಗಿಯ ಚಳಿಗೆ ಹುಳು ಮೇವು ಬಿಡಬಾರದೆಂದು ಮೂರು ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಉರಿಸಿದ್ದೆ. ನೀನು ಬಾಗಿಲಲ್ಲಿ ನಿಂತು, ‘ಅವ್ವಾ, ಚಳಿ ತಡ್ಯಕಾಗಲ್ಲ, ಒಳಕ್ ಬುಡವ್ವ’ ಎಂದೆ. ನಾನು ಏನಂದೆ ಎಂದು ನೀನು ಮರೆತಿರಲಾರೆ. ‘ಹುಳ ಕೆಟ್ಬುಡ್ತವ ಕಣಮ್ಮಿ, ಎರಡ್ ದಿನ ಕೊಟ್ಟಿಗೇಲಿ ತಡ್ಕೊ.’ ಗೋಣಿ ಹಾಸಿ, ಕಂಬಳಿ ಹೊದಿಸಿ, ಕೊಟ್ಟಿಗೆಯಲ್ಲಿ ಮಲಗಿಸಿದೆ.

ಮಾರನೆಯ ಬೆಳಿಗ್ಗೆ ನೋವು ಬಲವಾಯಿತು. ನೀಲಕಂಠಸ್ವಾಮಿ ಬಂದು, ‘ಗಾಡಿ ಕಟ್ಬುಡ್ತೀನಿ ಕಣಕ್ಕ, ಆಸ್ಪತ್ರೆಗೆ ಓಗನ’ ಎಂದ. ಪಕ್ಕದ ಮನೆಯ ಈರಮ್ಮ, ‘ನಮ್ಮ ನಡುಮನೇಲಿ ಮಲುಗ್ಸು, ಬೆಚ್ಚಗದೆ’ ಎಂದಳು. ಕೇರಿಯಲ್ಲಿ ಹತ್ತಾರು ಹೆರಿಗೆ ಮಾಡಿಸಿದವಳು ನಾನು, ನನ್ನ ಮಗಳ ಬಾಣಂತನಕ್ಕೆ ಇನ್ನೊಬ್ಬರ ಗಾಡಿ, ಇನ್ನೊಬ್ಬರ ಮನೆಯೇ? ಇಬ್ಬರನ್ನೂ ಕಳಿಸಿಬಿಟ್ಟೆ. ಗಾಡಿಯಲ್ಲಿ ಆಸ್ಪತ್ರೆ ಅರ್ಧ ಗಂಟೆಯ ದಾರಿ.

ಇಷ್ಟು ನಿನಗೆ ಗೊತ್ತಿದ್ದದ್ದೇ. ಇನ್ನು ಗೊತ್ತಿಲ್ಲದ್ದು.

ಮಗು ಹುಟ್ಟಿದಾಗ ನೀನು ಜ್ಞಾನ ತಪ್ಪಿದ್ದೆ. ಆಮೇಲೆ ಎಚ್ಚರಾಗಿ ‘ಕೂಸು ಅಳ್ನೇ ಇಲ್ವಲ್ಲವ್ವ’ ಎಂದಾಗ, ‘ಉಸ್ರೇ ಇರ್ನಿಲ್ಲ ಕಣಮ್ಮಿ’ ಎಂದು ಹೇಳಿದೆ. ಅದು ಸುಳ್ಳು ಸಿದ್ದಿ. ಅವನು ಅತ್ತ. ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಎರಡು ಸಲ ಅತ್ತ.

ಅಂಗೈಯಲ್ಲಿ ಹಿಡಿಯುವಷ್ಟಿದ್ದ. ಕೈಕಾಲು ನೀಲಿ. ಉಜ್ಜಿದೆ, ಊದಿದೆ, ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡೆ. ನನಗೆ ಗೊತ್ತಿದ್ದದ್ದೆಲ್ಲ ಮಾಡಿದೆ, ಅವನು ತಣ್ಣಗಾಗುತ್ತಲೇ ಹೋದ. ಅವನ ಅಳು ಕೇಳಿ ಬೇಲಿ ದಾಟಿ ಬಂದ ಈರಮ್ಮ, ‘ಒಳಕ್ ತಕೊಂಡೋಗು, ಬೆಂಕಿ ತಾವ ಮಡುಗು’ ಎಂದು ಕೂಗಿ ನೀಲಕಂಠಸ್ವಾಮಿಯನ್ನು ಕರೆಯಲು ಓಡಿದಳು. ನಾನು ಹುಳದ ಮನೆಯ ಹೊಸ್ತಿಲವರೆಗೆ ಹೋದೆ. ಅಲ್ಲಿ ನಿಂತುಬಿಟ್ಟೆ. ಹೌದು ಮಗಳೇ, ನಿಂತೆ. ಒಳಗೆ ಅಗ್ಗಿಷ್ಟಿಕೆ ಉರಿಯುತ್ತಿತ್ತು, ಹುಳು ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು, ಕೈಯಲ್ಲಿ ನಿನ್ನ ಮಗನಿದ್ದ, ನನ್ನ ಕಾಲು ಏಳಲಿಲ್ಲ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಒಂದು ಜಪ ಹೇಳುವಷ್ಟು ಹೊತ್ತಿರಬಹುದು, ಹತ್ತು ಜಪದಷ್ಟೂ ಇರಬಹುದು.

ಅವನು ಬಾಯಿ ಬಿಡುವುದು, ಮುಚ್ಚುವುದು ನಿಧಾನವಾದಾಗ ನನ್ನ ಕೈಯ ಕೆಲಸ ಮುಗಿದುಹೋಯಿತು ಎಂದು ತಿಳಿಯಿತು. ಹುಟ್ಟಿದಂದಿನಿಂದ ಮೊದಲ ಸಲ, ನನ್ನಿಂದಾಗುವುದಿಲ್ಲ, ನೀನೇ ಹಿಡಿದುಕೋ ಎಂದು ದೇವರಿಗೆ ಗಟ್ಟಿಯಾಗಿ ಹೇಳಿದೆ. ಸಾಯುವ ಮಗುವಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು ಎಂದು ಕಲಿತದ್ದು ಆಗ ನೆನಪಿಗೆ ಬಂತು. ಹೊಸ್ತಿಲ ಪಕ್ಕದ ತಂಬಿಗೆಯ ನೀರನ್ನು ಅವನ ತಲೆಗೆ ಮೂರು ಸಲ ಹುಯ್ದೆ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ. ಹೆಸರಿಡಬೇಕಲ್ಲ, ಒಬ್ಬ ಸಂತರ ಹೆಸರೂ ಬಾಯಿಗೆ ಬರಲಿಲ್ಲ. ಮೂಗಯ್ಯ ಎಂದೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ ನಾನು, ನಿಮ್ಮಪ್ಪ ಸತ್ತ ದಿನವೂ ಹೇಳಿರಲಿಲ್ಲ. ಆಮೇಲೆ ಒಳಗೆ ಹೋಗಿ ಬೆಂಕಿಯ ಪಕ್ಕ ಕುಳಿತೆ. ಈರಮ್ಮ, ನೀಲಕಂಠಸ್ವಾಮಿ ಗಾಡಿ ತರುವ ಹೊತ್ತಿಗೆ ನಿನ್ನ ಮಗ ನನ್ನ ತೊಡೆಯ ಮೇಲೆ ಹೋಗಿದ್ದ.

ಅವತ್ತು ಸಂಜೆಯೇ ಗುರುಗಳಲ್ಲಿಗೆ ಹೋಗಿ ಎಲ್ಲ ಹೇಳಿದೆ. ತಲೆಯ ಮೇಲೆ ನೀರು ಹರಿಯಿತೇ, ಮಾತು ಸರಿಯಾಗಿ ಹೇಳಿದೆಯಾ ಎಂದು ಕೇಳಿದರು. ಹೌದೆಂದೆ. ಹಾಗಾದರೆ ಅವನು ದೇವರ ಮಗ, ಸಂಶಯ ಬೇಡ ಎಂದು ದಾಖಲೆ ಪುಸ್ತಕದಲ್ಲಿ ಬರೆದುಕೊಂಡರು. ಮಗಳಿಗೆ ಹೇಳು ಎಂದು ಎರಡು ಸಲ ಹೇಳಿದರು. ಮಗು ಬದುಕಿತ್ತು ಎಂದರೆ, ‘ಎಲ್ಲಿಟ್ಟಿದ್ದೆ, ಏನು ಮಾಡುತ್ತಿದ್ದೆ?’ ಎಂದು ನೀನು ನನ್ನನ್ನು ಕೇಳುತ್ತೀಯಲ್ಲ ಎಂದು ಹೆದರಿದೆ. ಈರಮ್ಮನ ಬಾಯಿಗೂ ನೀಲಕಂಠಸ್ವಾಮಿಯ ಬಾಯಿಗೂ ಆಣೆ ಹಾಕಿದೆ. ನನ್ನ ಮುಖ ಉಳಿಸಿಕೊಳ್ಳಲು ನಿನ್ನ ಮಗನಿಂದ ಸ್ವರ್ಗವನ್ನೇ ಕಸಿದುಕೊಂಡೆ.

ಗಾಡಿ ಕಟ್ಟಿದ್ದರೆ ಬದುಕುತ್ತಿದ್ದನೇ? ಅದು ದೇವರ ಚಿತ್ತ ಎಂದು ಸಮಾಧಾನ ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ. ನನ್ನ ತಪ್ಪಿಗೆ ಆತನ ಚಿತ್ತವನ್ನು ಹೊದಿಸಲಾರೆ. ಹುಳುಗಳ ಮಾತೂ ಹೇಳಿಬಿಡುತ್ತೇನೆ. ಸೂತಕದ ಮೈಯಲ್ಲೇ ಅವುಗಳ ನಡುವೆ ಕುಳಿತಿದ್ದೆನಲ್ಲ, ಒಂದೇ ಒಂದು ಕೆಡಲಿಲ್ಲ. ಹಿಂದೆಂದೂ ಅಂಥ ಗೂಡು ಕಟ್ಟಿರಲಿಲ್ಲ. ಆ ಬೆಳೆ ನೋಡಿ ನಾನು ನೆಲಕ್ಕೆ ಬಿದ್ದು ಅತ್ತೆ.

ಈಗ ದಿನವೂ ಬೆಳಿಗ್ಗೆ ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ದೇವರಿಗೆ ತೋರಿಸಲು ಏನೂ ಇಲ್ಲ. ಎದೆಯ ಉರಿಯೂ ಆರಿಲ್ಲ. ಆದರೂ ಹೊರಗೆ ಕಳಿಸಿಲ್ಲವಲ್ಲ ಎಂದು ಕೂರುತ್ತೇನೆ. ಇವತ್ತು ಈ ಕಾಗದ ಬರೆದಿರುವುದೂ ನನ್ನ ಧೈರ್ಯದಿಂದಲ್ಲ, ಆತನನ್ನು ಬೇಡಿ ಬೇಡಿ ಬರೆದದ್ದು. ನಿನ್ನ ಮಗುವನ್ನು ಹೊರಗಿಟ್ಟವಳು ನಾನು, ದೇವರಲ್ಲ. ನನ್ನನ್ನು ಬಿಡುವುದಾದರೆ ಬಿಡು ಸಿದ್ದಿ, ಆತನನ್ನು ಬಿಡಬೇಡ. ಎರಡು ತುತ್ತು ಉಣ್ಣು. ಕ್ಷಮಿಸು ಎಂದು ಕೇಳುವಷ್ಟು ಬಾಯಿ ನನಗಿಲ್ಲ.

ನಿನ್ನ ಅವ್ವ,
ಶಾಂತಮಲ್ಲಮ್ಮ

ಮ. ವಿ.: ಇನ್ನೊಂದು ಉಳಿಯಿತು, ಇದನ್ನು ಬರೆಯದೆ ಕಾಗದ ಅಂಟಿಸಲು ಮನಸ್ಸು ಒಪ್ಪಲಿಲ್ಲ. ಮೂಗಯ್ಯ ಮಲಗಿರುವುದು ಚರ್ಚಿನ ಸಮಾಧಿಭೂಮಿಯ ಗೋಡೆಯ ಒಳಗೆ, ಶಿಲುಬೆಯ ಎಡಕ್ಕೆ ಎರಡನೆಯ ಸಮಾಧಿಯಲ್ಲಿ. ಊರಿಗೆ ಹೊರಡುವ ದಿನ ನೀನು ಗೋಡೆಯ ಹೊರಗೆ, ಜ್ಞಾನಸ್ನಾನವಾಗದ ಕೂಸುಗಳನ್ನು ಹೂಳುವ ಕಡೆ, ನಾನು ತೋರಿಸಿದ ಜಾಗದಲ್ಲಿ ಕುಳಿತು, ಬಸ್ಸು ತಪ್ಪುವವರೆಗೂ ಮಣ್ಣು ಸವರುತ್ತಾ ಅತ್ತೆಯಲ್ಲ, ಅಲ್ಲಿ ಯಾರೂ ಇಲ್ಲ. ನಾನು ನಿನ್ನ ಹಿಂದೆಯೇ ನಿಂತಿದ್ದೆ, ಹೇಳಲಿಲ್ಲ.