ಮಾರ್ಚ್ ಹನ್ನೆರಡರ ಫೈಲು

ಜೂನ್ ೯, ಸೋಮವಾರ

ಆ ಫೈಲು ತಲೆ ಕೊರೆಯುತ್ತಿದೆ. ಸಂಜೆ ಕಂಪ್ಯೂಟರಿನಲ್ಲಿ ಹೊಲಿಗೆಯ ಪುಟ ಹುಡುಕುವಾಗ ಸಿಕ್ಕಿತು. ಯಾರೋ ವೈದ್ಯರು ಬರೆದ ವೆಬ್ ಪುಟ. ಉಳಿಸಿಟ್ಟ ಹೆಸರು "ಮಾರ್ಚ್ ೧೨ - ಮರೆವಿನ ಮೊದಲ ಲಕ್ಷಣಗಳು".

ನಮ್ಮ ಯಜಮಾನರದೇ ಕೆಲಸ. ಮೊನ್ನೆ ಒಂದು ಸಲ ನಾನು ಒಲೆ ಆರಿಸಲಿಲ್ಲವೆಂದು ನನ್ನ ಬೆನ್ನ ಹಿಂದೆ ಇಷ್ಟೆಲ್ಲವೇ? ಅಲ್ಲ, ಇದು ಮಾರ್ಚಿನದು. ಆಗಿನಿಂದಲೇ ಕಣ್ಣಿಟ್ಟಿದ್ದಾರೆ!

ನೇರವಾಗಿ ಕೇಳಿದೆ. ಕನ್ನಡಕ ತೆಗೆದು, ತಲೆ ಎತ್ತದೆ ಬಹಳ ಹೊತ್ತು ಒರೆಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ನಾನಲ್ಲ ಕಣೇ. ನಾನು ಯಾವತ್ತಾದ್ರೂ ಫೈಲಿಗೆ ಹೆಸರಿಟ್ಟಿದ್ದೀನಾ? ಕಂಪ್ಯೂಟರ್ ಏನು ಕೊಡುತ್ತೋ ಅದೇ. ತಾರೀಕು ಹಾಕೋದು ನಿನ್ನ ಲೈಬ್ರರಿ ಚಾಳಿ."

ಗ್ರಂಥಾಲಯದಲ್ಲಿ ಮೂವತ್ತು ವರ್ಷ ಪುಸ್ತಕಗಳ ಪಟ್ಟಿ ಬರೆದ ಕೈ ನನ್ನದು. ತಾರೀಕಿಲ್ಲದೆ ಏನನ್ನೂ ಎತ್ತಿಡುವುದಿಲ್ಲ. ಹಾಗಂತ ಅದನ್ನು ನಕಲು ಮಾಡುವುದೇನು ಮಹಾ ವಿದ್ಯೆಯೇ?

ಅವತ್ತು ಇವರು ಮನೆಯಲ್ಲಿದ್ದರೋ ಇಲ್ಲವೋ ನೋಡಿ ಹಿಡಿದುಹಾಕೋಣವೆಂದು ಈಗ ಇದೇ ದಿನಚರಿಯ ಮಾರ್ಚ್ ಹನ್ನೆರಡರ ಹಾಳೆ ತೆಗೆದೆ. ನನ್ನದೇ ಅಕ್ಷರ: "ಮರೆವಿನ ಬಗ್ಗೆ ಒಂದು ಪುಟ ಉಳಿಸಿಟ್ಟೆ. ಇವರಿಗೆ ಗೊತ್ತಾಗಬಾರದು."

ಹಾಗಾದರೆ ಇವರು ಅಷ್ಟು ಹೊತ್ತು ಕನ್ನಡಕ ಒರೆಸಿದ್ದು, ನನಗೆ ಕಣ್ಣು ತೋರಿಸಬಾರದೆಂದು...